ಜಯನಗರದ ಫಾರಿನ್ ಎಜುಕೇಷನ್ ಆಫೀಸು: 29,500 ರೂಪಾಯಿಗೆ ಸಿಕ್ಕಿದ್ದೇನು?

ಆಫೀಸಿನ ಹೆಸರು ಬರೆಯುವುದಿಲ್ಲ. ಜಗಳ ಮುಗಿದಿದೆ, ಸ್ವಲ್ಪ ದುಡ್ಡೂ ವಾಪಸ್ ಬಂದಿದೆ. ಇನ್ನು ಹೆಸರು ಹಾಕಿ ಅಲ್ಲಿ ಕೂತು ದುಡಿಯುವ ಹುಡುಗಿಯರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಜಯನಗರದಲ್ಲಿ ಇಂಥ ಆಫೀಸುಗಳಿಗೇನೂ ಬರವಿಲ್ಲ. ಬೋರ್ಡಿನಲ್ಲಿ ಕರಿ ಟೋಪಿ ಹಾರಿಸುವ ಮಕ್ಕಳು, ಪಕ್ಕದಲ್ಲಿ ಆರೇಳು ದೇಶಗಳ ಬಾವುಟ. ಯಾವುದಕ್ಕೆ ಹೋದರೂ ಅನುಭವ ಹೆಚ್ಚುಕಮ್ಮಿ ಇದೇ ಆಗಿರುತ್ತದೆ ಅಂತ ನನ್ನ ಅಂದಾಜು.

ನಾನು ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಸಿಎನ್‌ಸಿ, ಒಂದು ಹಳೇ ಎಚ್‌ಎಂಟಿ ಲೇತ್, ಐದು ಜನ ಹುಡುಗರು. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, 1994ರಲ್ಲಿ ಮುಗಿಸಿದೆ. ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಬಿಇ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಮನೆಯಲ್ಲಿ ದುಡ್ಡಿರಲಿಲ್ಲ, ಸೇರಲಿಲ್ಲ. ಅದಕ್ಕೇ ಏನೋ, ಮಗಳು ಸೆಕೆಂಡ್ ಪಿಯು ಮುಗಿಸಿ "ಅಪ್ಪ, ನಾನು ಮೆಕ್ಯಾನಿಕಲ್ಲೇ ಮಾಡ್ತೀನಿ, ಹೊರಗಡೆ ಹೋಗಿ ಮಾಡೋಕಾಗುತ್ತಾ ನೋಡೋಣ" ಅಂದಾಗ ನಾನು ಇಲ್ಲ ಅನ್ನಲಿಲ್ಲ. ಅವಳ ಕ್ಲಾಸಿನವರೆಲ್ಲ ಕಂಪ್ಯೂಟರ್ ಸೈನ್ಸ್ ಹಿಂದೆ ಬಿದ್ದಿದ್ದರು. ಇವಳೊಬ್ಬಳು ಕಬ್ಬಿಣ ಬೇಕು ಅಂದಳು. ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪ್ಯಾಕೇಜು 25,000 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 29,500. ಅದರಲ್ಲಿ ದೇಶ ಆರಿಸುವುದು, ಕಾಲೇಜು ಆರಿಸುವುದು, ಎಸ್‌ಒಪಿ (ಈ ಕೋರ್ಸು ಯಾಕೆ ಬೇಕು ಅಂತ ಕಾಲೇಜಿಗೆ ಬರೆಯುವ ಕಾಗದ) ಬರೆದು ಕೊಡುವುದು, ಅರ್ಜಿ ಹಾಕುವುದು, ವೀಸಾ, ಎಲ್ಲಾ ಸೇರಿದೆ ಅಂದರು. ಮೊದಲ ದಿನವೇ ಕಟ್ಟಿದೆ. ನನ್ನ ಮೊದಲ ತಪ್ಪು ಅದು. ಜಾಬ್ ವರ್ಕಿಗೆ ಬಂದ ಗಿರಾಕಿಗೂ ನಾನು ಸ್ಯಾಂಪಲ್ ಪೀಸ್ ತೋರಿಸದೆ ಅಡ್ವಾನ್ಸ್ ಕೇಳುವುದಿಲ್ಲ.

ಕೌನ್ಸೆಲರ್ ಹುಡುಗಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷ ಇರಬಹುದು. ಒಳ್ಳೆ ಮಾತುಗಾರ್ತಿ. ಲ್ಯಾಪ್‌ಟಾಪ್ ತಿರುಗಿಸಿ ಒಂದು ಪಟ್ಟಿ ತೋರಿಸಿದರು. ಎಡಗಡೆ ದೇಶ. ಆಮೇಲೆ ಎಷ್ಟು ವರ್ಷ, ಎಷ್ಟು ಫೀಸು, ಓದಿದ ಮೇಲೆ ಎಷ್ಟು ದಿನ ಕೆಲಸಕ್ಕೆ ಇರಬಹುದು. ಇಂಗ್ಲೆಂಡ್ ಮೂರು ವರ್ಷ, ಜರ್ಮನಿ ಮೂರು, ಅಮೆರಿಕ ನಾಲ್ಕು, ಕೆನಡಾ ನಾಲ್ಕು, ಆಸ್ಟ್ರೇಲಿಯಾ ನಾಲ್ಕು. ಕೊನೆಯ ಕಾಲಮ್ಮಿನಲ್ಲಿ ಎಲ್ಲಾ ದೇಶಕ್ಕೂ ಒಂದೇ ಮಾತು: ಬಿಇಗೆ ಸಮಾನ.

ನಾನು ಕೇಳಿದೆ, "ಎಲ್ಲಾ ಸಮಾನ ಅಂತೀರ, ಒಂದು ಕಡೆ ಮೂರು ವರ್ಷ, ಒಂದು ಕಡೆ ನಾಲ್ಕು. ಆ ಒಂದು ವರ್ಷ ಎಲ್ಲಿ ಹೋಯ್ತಮ್ಮ?"

"ಅದು ಫಾಸ್ಟ್ ಟ್ರ್ಯಾಕ್ ಅಂಕಲ್. ಒಂದು ವರ್ಷ ಸೇವ್ ಆಗುತ್ತೆ. ಫೀಸೂ ಸೇವ್."

ನನ್ನ ಕಸುಬಿನಲ್ಲಿ ಹೀಗೆ ಸುಮ್ನೆ ಏನೂ ಉಳಿಯುವುದಿಲ್ಲ. ಒಂದು ಆಪರೇಷನ್ ಬಿಟ್ಟರೆ ಅದು ಇನ್ನೊಂದು ಕಡೆ ಬಂದು ಕೂರುತ್ತದೆ. ಮನೆಗೆ ಬಂದ ಮೇಲೆ ನಾನೂ ಮಗಳೂ ಆ ಒಂದು ವರ್ಷವನ್ನೇ ಹುಡುಕುತ್ತಾ ಕೂತೆವು. ಈ ವಿಮರ್ಶೆಯಲ್ಲಿ ಕೆಲಸಕ್ಕೆ ಬರುವ ವಿಷಯ ಏನಾದರೂ ಇದ್ದರೆ ಅದು ಆ ಹುಡುಕಾಟದಲ್ಲಿ ಸಿಕ್ಕಿದ್ದು, ಆಫೀಸಿನಲ್ಲಿ ಅಲ್ಲ.

ಇಂಗ್ಲೆಂಡಿನಲ್ಲಿ ಆ ವರ್ಷ ಸ್ಕೂಲಲ್ಲೇ ಕೂತಿದೆ. ನಮ್ಮದು ಹನ್ನೆರಡು ಮತ್ತೆ ನಾಲ್ಕು, ಹದಿನಾರು. ಅವರದು ಹದಿಮೂರು ಮತ್ತೆ ಮೂರು, ಅದೂ ಹದಿನಾರೇ. ಅಲ್ಲಿ ಮಕ್ಕಳು ಐದನೇ ವಯಸ್ಸಿಗೇ ಒಂದನೇ ಕ್ಲಾಸಿಗೆ ಹೋಗುತ್ತಾರೆ, ಹದಿಮೂರನೇ ಕ್ಲಾಸಿನವರೆಗೆ ಓದುತ್ತಾರೆ. ಕೊನೆಯ ಎರಡು ವರ್ಷ ಎ ಲೆವೆಲ್. ಸಾಮಾನ್ಯವಾಗಿ ಮೂರೇ ಮೂರು ವಿಷಯ, ಆದರೆ ಆಳಕ್ಕೆ. ಇಂಜಿನಿಯರಿಂಗ್ ಬೇಕಾದವನು ಮ್ಯಾಥ್ಸ್, ಫಿಸಿಕ್ಸ್ ಮತ್ತೆ ಇನ್ನೊಂದು ಓದಿ ಬರುತ್ತಾನೆ. ಹಾಗಾಗಿ ಡಿಗ್ರಿಯಲ್ಲಿ ಮೊದಲ ದಿನದಿಂದಲೇ ಕಸುಬು ಶುರು. ಸ್ಕಾಟ್ಲೆಂಡಿನಲ್ಲಿ ಮಕ್ಕಳು ಒಂದು ವರ್ಷ ಮುಂಚೆಯೇ ಯೂನಿವರ್ಸಿಟಿಗೆ ಬರಬಹುದು, ಅದಕ್ಕೇ ಅಲ್ಲಿ ಡಿಗ್ರಿ ನಾಲ್ಕು ವರ್ಷ. ಒಂದೇ ರಾಜ, ಎರಡು ಲೆಕ್ಕ.

ಇನ್ನೊಂದು ವಿಷಯ ಗೊತ್ತಾದಾಗ ನನಗೆ ನಿಜವಾಗಲೂ ಸಿಟ್ಟು ಬಂತು. ಅಲ್ಲಿ ಮೂರು ವರ್ಷದ್ದು ಬಿಇಂಜ್. ಅದರ ಪಕ್ಕದಲ್ಲೇ ನಾಲ್ಕು ವರ್ಷದ ಎಂಇಂಜ್ ಅಂತ ಒಂದಿದೆ. ಅದನ್ನೂ ಪಿಯು ಆದ ಮೇಲೆ ನೇರವಾಗಿಯೇ ಸೇರುವುದು. ನಮ್ಮ ಎಂಟೆಕ್ ಥರ ಬೇರೆ ಡಿಗ್ರಿ ಮುಗಿಸಿ ಹೋಗುವುದಲ್ಲ. ಮುಂದೆ ಚಾರ್ಟರ್ಡ್ ಇಂಜಿನಿಯರ್ (ಅಲ್ಲಿಯ ವೃತ್ತಿ ಸಂಸ್ಥೆ ಒಪ್ಪಿ ನೋಂದಾಯಿಸಿಕೊಂಡ ಇಂಜಿನಿಯರ್) ಆಗಬೇಕು ಅಂದರೆ ಓದಿನ ಭಾಗ ಎಂಇಂಜ್‌ಗೆ ಮುಗಿಯುತ್ತದೆ. ಬರೀ ಬಿಇಂಜ್ ಆದರೆ ಅದರ ಮೇಲೆ ಇನ್ನೂ ಓದಬೇಕು. ಅಂದರೆ ಆ ನಾಲ್ಕನೇ ವರ್ಷ ಎಲ್ಲೂ ಹೋಗಿಲ್ಲ, ಬಾಗಿಲ ಹಿಂದೆ ನಿಂತಿದೆ. ಎರಡನೇ ಸಲ ಹೋದಾಗ ಇದನ್ನು ಕೇಳಿದೆ. ಕೌನ್ಸೆಲರ್ ಬದಲಾಗಿದ್ದರು. ಹೊಸಬರು "ಎಂಇಂಜ್ ಅಂದ್ರೆ ಮಾಸ್ಟರ್ಸ್ ಅಂಕಲ್, ಅದು ಆಮೇಲೆ" ಅಂದರು. ಯೂನಿವರ್ಸಿಟಿಯ ಪುಟವನ್ನೇ ಮಗಳು ಫೋನಿನಲ್ಲಿ ತೆಗೆದು ತೋರಿಸಿದಳು. ಅವರು "ಓ, ಚೆಕ್ ಮಾಡಿ ಹೇಳ್ತೀನಿ" ಅಂತ ಬರೆದುಕೊಂಡರು. ಇವತ್ತಿಗೂ ಹೇಳಿಲ್ಲ.

ಮಾರ್ಕ್ಸಿನ ಲೆಕ್ಕವೂ ಬೇರೆ. ಅಲ್ಲಿ ಫಸ್ಟ್, ಟೂ-ಒನ್, ಟೂ-ಟೂ, ಥರ್ಡ್ ಅಂತ ಕ್ಲಾಸು. ಸುಮಾರು ಕಡೆ ಮೊದಲ ವರ್ಷದ ಮಾರ್ಕ್ಸು ಈ ಕ್ಲಾಸಿಗೆ ಲೆಕ್ಕಕ್ಕೇ ಇಲ್ಲ. ಪಾಸಾದರೆ ಸಾಕು. ನಮ್ಮಲ್ಲಿ ಮೊದಲ ಸೆಮಿಸ್ಟರಿನಲ್ಲಿ ಎಡವಿದ್ದು ಎಂಟನೇ ಸೆಮಿಸ್ಟರಿನ ಸಿಜಿಪಿಎವರೆಗೆ ಕುಂಟುತ್ತಾ ಬರುತ್ತದೆ, ಅಲ್ವಾ?

ಜರ್ಮನಿಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮಗಳ ಮನಸ್ಸು ನಿಂತಿದ್ದು ಅಲ್ಲೇ.

ಅವರ ಪಟ್ಟಿಯಲ್ಲಿ "ಮೂರು ವರ್ಷ, ಡೈರೆಕ್ಟ್ ಅಡ್ಮಿಷನ್" ಅಂತಿತ್ತು. ಮೂರು ವರ್ಷ ಅನ್ನುವುದು ಅರ್ಧ ನಿಜ. ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ಆರು ಸೆಮಿಸ್ಟರ್, 180 ಕ್ರೆಡಿಟ್. ಅಲ್ಲಿ ಇನ್ನೊಂದು ಜಾತಿಯ ಕಾಲೇಜುಗಳಿವೆ, ಹೊಖ್‌ಶೂಲೆ ಅಂತಾರೆ. ಥಿಯರಿಗಿಂತ ಕೈಕೆಲಸ ಜಾಸ್ತಿ. ಅಲ್ಲಿ ಹೆಚ್ಚಾಗಿ ಏಳು ಸೆಮಿಸ್ಟರ್, 210 ಕ್ರೆಡಿಟ್. ಅದರಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕಂಪನಿಯಲ್ಲಿ ಕೆಲಸ. ಮೊದಲು ಅಲ್ಲಿ ಡಿಪ್ಲೋಮ್ ಇಂಜಿನಿಯರ್ ಅಂತ ಉದ್ದದ ಒಂದೇ ಡಿಗ್ರಿ ಇತ್ತು. 1999ರಲ್ಲಿ ಯೂರೋಪಿನ 29 ದೇಶಗಳು ಇಟಲಿಯ ಬೊಲೊನ್ಯಾದಲ್ಲಿ ಕೂತು ಒಪ್ಪಂದ ಮಾಡಿಕೊಂಡ ಮೇಲೆ ಅದನ್ನು ಬ್ಯಾಚುಲರ್, ಮಾಸ್ಟರ್ ಅಂತ ಎರಡು ತುಂಡು ಮಾಡಿದರು. ಹಾಗಾಗಿ ಯೂನಿವರ್ಸಿಟಿಯಲ್ಲಿ ಬ್ಯಾಚುಲರ್ ಮುಗಿಸಿದವರು ಬಹಳ ಜನ ಅಲ್ಲಿಗೇ ನಿಲ್ಲುವುದಿಲ್ಲ, ಮಾಸ್ಟರ್ಸ್ ಮಾಡಿಯೇ ಹೊರಗೆ ಬರುತ್ತಾರೆ.

ಡೈರೆಕ್ಟ್ ಅಡ್ಮಿಷನ್ ಅನ್ನುವುದು ಮಾತ್ರ ಪೂರ್ತಿ ಸುಳ್ಳು. ನಮ್ಮ ಪಿಯು ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಹೋದರೆ ಅಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳು ಒಳಗೆ ಬಿಡುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಇಲ್ಲವೇ ಇಲ್ಲೇ ಒಂದು ವರ್ಷ ಡಿಗ್ರಿ ಓದಿ ಪಾಸು ಮಾಡಿ, ಅದೇ ವಿಷಯಕ್ಕೆ ಅರ್ಜಿ ಹಾಕಬೇಕು. ಅದೂ ಇಲ್ಲ ಅಂದರೆ ಅಲ್ಲಿಗೆ ಹೋಗಿ ಶ್ಟೂಡಿಯನ್‌ಕೊಲೆಗ್ ಅನ್ನುವ ಕಡೆ ಎರಡು ಸೆಮಿಸ್ಟರ್ ಓದಿ ಪರೀಕ್ಷೆ ಬರೆಯಬೇಕು. ಜೊತೆಗೆ ನಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿ ಅಂತ ಎಪಿಎಸ್ ಸರ್ಟಿಫಿಕೇಟ್ ಬೇಕು, ಅದು 2022ರ ನವೆಂಬರಿನಿಂದ ಕಡ್ಡಾಯ. ಅಂದರೆ ಜೆಇಇ ಅಡ್ವಾನ್ಸ್ಡ್ ಪಾಸಾಗದ ನಮ್ಮ ಮಕ್ಕಳಿಗೆ ಜರ್ಮನಿಯ ಆ ಮೂರು ವರ್ಷದ ಮುಂದೆ ಒಂದು ವರ್ಷ ಸೇರಿಕೊಂಡೇ ಇರುತ್ತದೆ. ಮತ್ತೆ ನಾಲ್ಕಾಯಿತು. ಅಲ್ಲೂ ಏನೂ ಉಳಿಯಲಿಲ್ಲ!

ಹಾಗಾದರೆ ಡೈರೆಕ್ಟ್ ಅಂತ ಯಾಕೆ ಬರೆದಿದ್ದರು? ಪಟ್ಟಿಯಲ್ಲಿದ್ದ ಮೂರೂ ಹೆಸರು ಪ್ರೈವೇಟ್ ಕಾಲೇಜುಗಳದ್ದು. ಮೂರನೇ ಸಲ ಹೋದಾಗ, ಅಷ್ಟರಲ್ಲಿ ಕೌನ್ಸೆಲರ್ ಮತ್ತೆ ಬದಲು, ಈ ಸಲ ಸ್ವಲ್ಪ ಸೀನಿಯರ್ ಹೆಂಗಸು, ನಾನು ಮೆತ್ತಗೆ ಕೇಳಿದೆ: "ಫೀಸೇ ಇಲ್ಲದ ಸರ್ಕಾರಿ ಕಾಲೇಜು ಅಷ್ಟೊಂದಿವೆ, ಒಂದೂ ಯಾಕೆ ಹಾಕಿಲ್ಲ ಮೇಡಂ?" ಅವರು ಬಾಗಿಲ ಕಡೆ ಒಂದು ಸಲ ನೋಡಿ ಹೇಳಿದರು, "ಸರ್, ಅವರು ನಮಗೇನೂ ಕೊಡಲ್ಲ." ಪಾಪ, ಇಡೀ ಆಫೀಸಿನಲ್ಲಿ ನನಗೆ ಸಿಕ್ಕ ಒಂದೇ ಒಂದು ನೇರ ಉತ್ತರ ಅದು. ಸೇರಿಸಿದ ಒಂದೊಂದು ಹುಡುಗನಿಗೂ ಕಾಲೇಜಿನಿಂದ ಕಮಿಷನ್ ಬರುತ್ತದೆ, ನನ್ನಿಂದಲೂ 29,500 ಬರುತ್ತದೆ. ಎರಡೂ ಕಡೆ ಚಾರ್ಜ್ ಮಾಡುವ ಬ್ರೋಕರನ್ನು ಸೈಟು ಮಾರುವಾಗ ನೋಡಿದ್ದೆ. ಓದಿಗೂ ಅದೇ ಲೆಕ್ಕ ಇದೆ ಅಂತ ಗೊತ್ತಿರಲಿಲ್ಲ.

ಸರ್ಕಾರಿ ಯೂನಿವರ್ಸಿಟಿ ಅಂದರೆ ಪೂರ್ತಿ ಪುಕ್ಕಟೆ ಅಂತಲೂ ತಿಳಿಯಬೇಡಿ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ 2017ರಿಂದ ಯೂರೋಪಿಯನ್ ಯೂನಿಯನ್ನಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಇದೆ. ಉಳಿದ ಹೆಚ್ಚಿನ ಕಡೆ ಬೋಧನೆಗೆ ಫೀಸಿಲ್ಲ. ಆದರೆ ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು, ನಾವು ವಿಚಾರಿಸಿದಾಗ 11,904 ಯೂರೋ. ತಿಂಗಳಿಗೆ 992ರ ಹಾಗೆ ಅದರಲ್ಲೇ ತೆಗೆದುಕೊಳ್ಳುವುದು. ಈ ಮಾಹಿತಿ ಮಾತ್ರ ಆಫೀಸಿನವರು ಸರಿಯಾಗಿ ಹೇಳಿದರು. ದುಡ್ಡಿನ ವಿಷಯದಲ್ಲಿ ಅವರು ಗಟ್ಟಿ.

ಕ್ರೆಡಿಟ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಅವರ ಬ್ರೋಷರಿನಲ್ಲಿ ಜರ್ಮನಿ 180, ಅಮೆರಿಕ 120, ವಿಟಿಯು 160 ಅಂತ ಪಕ್ಕಪಕ್ಕ ಹಾಕಿ, ಜರ್ಮನಿಯಲ್ಲಿ ಕಲಿಕೆ ಜಾಸ್ತಿ ಅಂತ ಬರೆದಿದ್ದರು. ಇಂಚಿನ ಡ್ರಾಯಿಂಗನ್ನು ಎಂಎಂ ಅಂತ ಓದಿದ ಹಾಗಾಯಿತು. ಯೂರೋಪಿನ ಒಂದು ಕ್ರೆಡಿಟ್ ಅಂದರೆ ಕ್ಲಾಸು, ಲ್ಯಾಬು, ಮನೆಯಲ್ಲಿ ಓದುವುದು, ಪರೀಕ್ಷೆ ಎಲ್ಲಾ ಸೇರಿ 25ರಿಂದ 30 ಗಂಟೆ ಕೆಲಸ. ಅಮೆರಿಕದ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಅದಕ್ಕೆ ಎರಡು ಗಂಟೆ ಹೋಂವರ್ಕು, ಹೀಗೆ ಸುಮಾರು 15 ವಾರ. ಅಂದರೆ 45 ಗಂಟೆ. ನಮ್ಮ ವಿಟಿಯುನಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಮನೆಯಲ್ಲಿ ಓದಿದೆಯೋ ಮಲಗಿದೆಯೋ ಅದು ನಿನಗೆ ಬಿಟ್ಟಿದ್ದು.

ಶೆಡ್ಡಿನಲ್ಲಿ ಒಂದು ಡೆಲಿವರಿ ಚಲನ್ ಹಿಂದೆ ಲೆಕ್ಕ ಹಾಕಿದೆ. 180 ಇಂಟು 30, 5,400 ಗಂಟೆ. 120 ಇಂಟು 45, ಅದೂ 5,400. ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ. ಪುಸ್ತಕದ ಲೆಕ್ಕದಲ್ಲಿ ಜರ್ಮನಿಯ ಮೂರು ವರ್ಷವೂ ಅಮೆರಿಕದ ನಾಲ್ಕು ವರ್ಷವೂ ಒಂದೇ ತೂಕ. ಅಮೆರಿಕದಲ್ಲಿ ಇಂಜಿನಿಯರಿಂಗಿಗೆ 120ರ ಮೇಲೆ ಇನ್ನೂ ಐದಾರು ಕ್ರೆಡಿಟ್ ಬೀಳುವುದು ಮಾಮೂಲು, ಜರ್ಮನಿಯಲ್ಲಿ 30ರ ಬದಲು 25 ಅಂತ ಹಿಡಿದರೆ ಗಂಟೆ ಕಮ್ಮಿಯಾಗುತ್ತದೆ, ಅದು ಬೇರೆ. ಆದರೂ ಮೂರು ದೊಡ್ಡದೋ ನಾಲ್ಕು ದೊಡ್ಡದೋ ಅನ್ನುವ ಜಗಳ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆ ಗಂಟೆಗಳ ಒಳಗೆ ಏನು ತುಂಬಿದ್ದಾರೆ ಅನ್ನುವುದೇ ಪ್ರಶ್ನೆ.

ಜರ್ಮನಿಯವರು ಪೂರ್ತಿ ಇಂಜಿನಿಯರಿಂಗ್ ತುಂಬಿದ್ದಾರೆ. ಮೊದಲ ಸೆಮಿಸ್ಟರಿನಿಂದಲೇ ಮ್ಯಾಥ್ಸ್ ಮತ್ತು ಮೆಕ್ಯಾನಿಕ್ಸ್. ಹೆಚ್ಚಿನ ವಿಷಯಗಳಿಗೆ ಸೆಮಿಸ್ಟರ್ ಕೊನೆಯ ಒಂದು ಪರೀಕ್ಷೆಯೇ ಎಲ್ಲಾ. ಇಂಟರ್ನಲ್ಸ್ ಮಾರ್ಕ್ಸು, ಅಸೈನ್‌ಮೆಂಟ್ ಮಾರ್ಕ್ಸು ಅಂತ ದಿಂಬು ಇಲ್ಲ. ವಿಟಿಯುನಲ್ಲಿ 50 ಇಂಟರ್ನಲ್ಸ್, 50 ಪರೀಕ್ಷೆ. ಬ್ಯಾಕ್‌ಲಾಗ್ ಬಿದ್ದರೆ ಮತ್ತೆ ಬರಿ, ಮತ್ತೂ ಬರಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಮೂರು ಸಲ ಅವಕಾಶ. ಮೂರನೆಯದ್ದೂ ಹೋದರೆ ಹೆಸರು ಹೊಡೆದು ಹಾಕುತ್ತಾರೆ. ಆಮೇಲೆ ಅದೇ ಕೋರ್ಸನ್ನು ಆ ದೇಶದ ಬೇರೆ ಯೂನಿವರ್ಸಿಟಿಯಲ್ಲಿ ಓದುವುದೂ ಕಷ್ಟ. ಇದನ್ನು ಯಾವ ಕೌನ್ಸೆಲರೂ ನಮಗೆ ಹೇಳಲಿಲ್ಲ. 29,500 ಕಟ್ಟಿದ ಅಪ್ಪನಿಗೆ ಇದೊಂದು ಮಾತನ್ನಾದರೂ ಹೇಳಬೇಕಿತ್ತು.

ಅಮೆರಿಕದವರು ಆ ಗಂಟೆಗಳಲ್ಲಿ ಚರಿತ್ರೆ, ಬರವಣಿಗೆ, ಅರ್ಥಶಾಸ್ತ್ರ, ಏನೇನೋ ಸೇರಿಸಿದ್ದಾರೆ. ಮೊದಲು ನನಗೆ ಇದು ದಂಡ ಅನ್ನಿಸಿತ್ತು. ಮಗಳು ಬೇರೆ ಥರ ನೋಡಿದಳು. "ಅಪ್ಪ, ಅಲ್ಲಿ ಎಷ್ಟೋ ಕಡೆ ಒಂದು ವರ್ಷ ಓದಿ ಆಮೇಲೆ ಬ್ರಾಂಚ್ ಹೇಳಿದ್ರೂ ನಡೆಯುತ್ತೆ. ಇಲ್ಲಿ ಸಿಇಟಿ ಆಪ್ಷನ್ ಎಂಟ್ರಿ ದಿನ ಮೌಸ್ ಒತ್ತಿದ್ರೆ ಮುಗೀತು." ಹದಿನೆಂಟು ವರ್ಷದ ಮಕ್ಕಳಿಗೆ ನಾವು ಮಾಡುವುದು ಸ್ವಲ್ಪ ಅನ್ಯಾಯವೇ. ಓದಿನ ಮಧ್ಯೆ ಕಂಪನಿಗೆ ಕಳಿಸುವ ಕೋ-ಆಪ್ ಪದ್ಧತಿಯೂ ಅಮೆರಿಕದ್ದೇ. 1906ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾಗಿದ್ದು. ಆದರೆ ಅಲ್ಲಿಯ ಫೀಸು ಕೇಳಿ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮೆರಿಕದ ಮಾತು ಅಷ್ಟಕ್ಕೇ ನಿಂತಿತು.

ಕೆನಡಾ ಬಗ್ಗೆ ಒಂದು ತಮಾಷೆ. ಮೊದಲನೇ ಕೌನ್ಸೆಲರ್ ಬಹಳ ಭಾವುಕರಾಗಿ ಹೇಳಿದ್ದರು: ಅಲ್ಲಿ ಇಂಜಿನಿಯರ್ ಆದವರಿಗೆ ಒಂದು ಕಬ್ಬಿಣದ ಉಂಗುರ ಕೊಡುತ್ತಾರೆ, ಬಿದ್ದು ಹೋದ ಒಂದು ಸೇತುವೆಯ ಕಬ್ಬಿಣದಿಂದ ಮಾಡಿದ್ದು. ಉಂಗುರ ನಿಜ. 1925ರಿಂದ ಆ ಪದ್ಧತಿ ಇದೆ, ಬರೆಯುವ ಕೈಯ ಕಿರುಬೆರಳಿಗೆ ಹಾಕಿಕೊಳ್ಳುತ್ತಾರೆ. ಸೇತುವೆಯೂ ನಿಜ. 1907ರಲ್ಲಿ ಕ್ವಿಬೆಕ್ಕಿನಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರು ಸತ್ತರು. ಆದರೆ ಆ ಕಬ್ಬಿಣದಿಂದಲೇ ಉಂಗುರ ಮಾಡಿದ್ದು ಅನ್ನುವುದು ಬರೀ ಕಥೆ. ನಾನು ಅವತ್ತೇ ಅಂದುಕೊಂಡಿದ್ದೆ. ಒಂದು ಸೇತುವೆಯ ಸ್ಕ್ರ್ಯಾಪಿನಲ್ಲಿ ನೂರು ವರ್ಷ ಉಂಗುರ ಟರ್ನಿಂಗ್ ಮಾಡಬಹುದೇನೋ, ಆದರೆ ಅದನ್ನು ಅಷ್ಟು ವರ್ಷ ತುಕ್ಕು ಹಿಡಿಯದ ಹಾಗೆ ಇಟ್ಟುಕೊಂಡವರು ಯಾರು?

ಉಂಗುರಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಕೆನಡಾದಲ್ಲಿ ಡಿಗ್ರಿ ಆದ ಮಾತ್ರಕ್ಕೆ ನೀನು ಇಂಜಿನಿಯರ್ ಅಂತ ಬೋರ್ಡು ಹಾಕಿಕೊಳ್ಳುವ ಹಾಗಿಲ್ಲ. ಕೆಲಸದ ಅನುಭವ ತೋರಿಸಿ, ಪರೀಕ್ಷೆ ಬರೆದು, ಪ್ರಾಂತ್ಯದ ಸಂಸ್ಥೆಯಲ್ಲಿ ಲೈಸೆನ್ಸ್ ತೆಗೆದುಕೊಂಡ ಮೇಲೆ ಆ ಹೆಸರು. ವೈದ್ಯರಿಗೆ, ವಕೀಲರಿಗೆ ಇರುವ ಹಾಗೆ. ನಮ್ಮಲ್ಲಿ ಕಾನ್ವೊಕೇಷನ್ನಿಗೂ ಮುಂಚೆ ಮದುವೆ ಬಯೋಡೇಟಾದಲ್ಲಿ ಇಂಜಿನಿಯರ್ ಅಂತ ಬಂದುಬಿಡುತ್ತದೆ. ವಾಟರ್‌ಲೂ ಯೂನಿವರ್ಸಿಟಿಯಲ್ಲಿ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಸಂಬಳದ ಕೆಲಸ, ಹೀಗೆ ಐದು ವರ್ಷದ ಹತ್ತಿರ ಹೋಗುತ್ತದೆ. ಆಫೀಸಿನ ಪಟ್ಟಿಯಲ್ಲಿ ಮಾತ್ರ ಕೆನಡಾ ಎಲ್ಲಾ ನಾಲ್ಕು.

ಆಸ್ಟ್ರೇಲಿಯಾ ನಾಲ್ಕು ವರ್ಷದ ಆನರ್ಸ್, ಮಧ್ಯೆ ಸಾಮಾನ್ಯವಾಗಿ 12 ವಾರ ಕಂಪನಿ ಕೆಲಸ. ಫ್ರಾನ್ಸಿನಲ್ಲಿ ಎರಡು ವರ್ಷ ಬರೀ ಮ್ಯಾಥ್ಸು ಫಿಸಿಕ್ಸು ಅರೆದು, ಪೈಪೋಟಿ ಪರೀಕ್ಷೆ ಬರೆದು, ಆಮೇಲೆ ಮೂರು ವರ್ಷ ಇಂಜಿನಿಯರಿಂಗ್ ಸ್ಕೂಲು. ಕೊನೆಗೆ ಸಿಗುವುದು ಮಾಸ್ಟರ್ಸ್ ಮಟ್ಟದ ಡಿಗ್ರಿ. ಎರಡನ್ನೂ ನಾವು ಜಾಸ್ತಿ ಕೆದಕಲಿಲ್ಲ.

ಸಮಾನ ಅನ್ನುವ ಆ ಕೊನೆಯ ಕಾಲಮ್ಮಿನ ಬಗ್ಗೆ ಮಾತ್ರ ಒಂದು ವಿಷಯ ಹೇಳಲೇಬೇಕು. ವಾಷಿಂಗ್ಟನ್ ಅಕಾರ್ಡ್ ಅಂತ ಒಂದು ಒಪ್ಪಂದ ಇದೆ. 1989ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಮಾಡಿಕೊಂಡದ್ದು. ಒಬ್ಬರು ಮಾನ್ಯತೆ ಕೊಟ್ಟ ಇಂಜಿನಿಯರಿಂಗ್ ಕೋರ್ಸನ್ನು ಇನ್ನೊಬ್ಬರು ತಮ್ಮದರ ಸಮ ಅಂತ ಒಪ್ಪುವುದು. ಭಾರತ 2014ರಲ್ಲಿ ಪೂರ್ಣ ಸದಸ್ಯ ಆಯಿತು. ಆದರೆ ನಮ್ಮ ಎಲ್ಲಾ ಕಾಲೇಜಿಗೂ ಇದು ಬರುವುದಿಲ್ಲ. ಎನ್‌ಬಿಎ (ಇಲ್ಲಿ ಇಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ) ಕೊಡುವ ಟಿಯರ್ ಒನ್ ಮಾನ್ಯತೆ ಇರಬೇಕು. ಅದನ್ನು ಕೊಡುವುದೂ ಕಾಲೇಜಿಗಲ್ಲ, ಬ್ರಾಂಚಿಗೆ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಇದ್ದು ಪಕ್ಕದ ಬ್ರಾಂಚಿಗೆ ಇಲ್ಲದೆ ಇರಬಹುದು. ಜರ್ಮನಿ ಈ ಒಪ್ಪಂದದಲ್ಲೇ ಇಲ್ಲ. ಇದನ್ನು ಎರಡನೇ ಕೌನ್ಸೆಲರಿಗೆ ಕೇಳಿದೆ. ಅವರು ವಾಷಿಂಗ್ಟನ್ ಅಂದ ತಕ್ಷಣ ಅಮೆರಿಕದ ಕಾಲೇಜುಗಳ ಫೈಲ್ ತೆಗೆದರು. ನಾನು ಮುಂದೆ ಮಾತಾಡಲಿಲ್ಲ. ಇಲ್ಲೇ ಸೀಟು ತೆಗೆದುಕೊಳ್ಳುವವರಿಗೂ ಇದು ಬೇಕಾದ ವಿಷಯ. ಸಿಇಟಿಯಲ್ಲಿ ಆಪ್ಷನ್ ಹಾಕುವ ಮುಂಚೆ ಎನ್‌ಬಿಎ ಪಟ್ಟಿಯಲ್ಲಿ ನಿಮ್ಮ ಬ್ರಾಂಚನ್ನು ನೋಡಿಕೊಳ್ಳಿ.

ಈಗ ಎಸ್‌ಒಪಿ ಕಥೆ. ಅಂದರೆ ನಾನು ಯಾಕೆ ಈ ಕೋರ್ಸ್ ಓದಬೇಕು ಅಂತ ಹುಡುಗಿ ತನ್ನ ಮಾತಿನಲ್ಲಿ ಬರೆಯುವ ಕಾಗದ. ಇವರು ಬರೆದು ಕಳಿಸಿದ್ದನ್ನು ಮಗಳು ಊಟಕ್ಕೆ ಕೂತಾಗ ಜೋರಾಗಿ ಓದಿದಳು. ಚಿಕ್ಕಂದಿನಿಂದ ಅವಳಿಗೆ ಸೇತುವೆಗಳ ಹುಚ್ಚಂತೆ. ಅವಳ ಅಪ್ಪ ಬ್ಯಾಂಕ್ ಮ್ಯಾನೇಜರಂತೆ. ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕೆವು. ಯಾವುದೋ ಸಿವಿಲ್ ಹುಡುಗನ ಕಾಗದದಲ್ಲಿ ಹೆಸರು ಮಾತ್ರ ಬದಲಾಯಿಸಿದ್ದರು. ನಗು ನಿಂತ ಮೇಲೆ ಸಿಟ್ಟು ಬಂತು. ಮಾರನೇ ದಿನ ಫೋನ್ ಮಾಡಿದೆ. "ಸಾರಿ ಅಂಕಲ್, ಟೆಂಪ್ಲೇಟ್ ಮಿಕ್ಸ್ ಆಗಿದೆ" ಅಂದರು. ನನ್ನ ಶಾಪಿನಲ್ಲಿ ಒಬ್ಬರ ಪಾರ್ಟ್ಸು ಇನ್ನೊಬ್ಬರ ಡಬ್ಬಿಗೆ ಹೋದರೆ ಗಿರಾಕಿ ಮುಖಕ್ಕೆ ಎಸೆಯುತ್ತಾನೆ.

ಇದಕ್ಕೂ ಒಳ್ಳೆಯ ಭಾಗ ಒಂದಿದೆ. ಜರ್ಮನಿಯ ಕಾಲೇಜುಗಳ ಪಟ್ಟಿ ಮಾಡುವಾಗ ಅವರು ಕೆಲವನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡಿ "ತೊಂದರೆ: ಸೇರುವ ಮುಂಚೆ ವರ್ಕ್‌ಶಾಪ್ ತರಬೇತಿ ಕೇಳುತ್ತಾರೆ" ಅಂತ ಬರೆದಿದ್ದರು. ಮೆಕ್ಯಾನಿಕಲ್ ಸೇರುವವರು ಕೆಲವು ವಾರ ನಿಜವಾದ ವರ್ಕ್‌ಶಾಪಿನಲ್ಲಿ ಅರ ಹಿಡಿದು, ಡ್ರಿಲ್ ಮಾಡಿ, ಟರ್ನಿಂಗ್ ಮಾಡಿ, ವಾರವಾರ ಏನು ಮಾಡಿದೆ ಅಂತ ವರದಿ ಬರೆದು ತರಬೇಕು. ಇದು ತೊಂದರೆಯಂತೆ! ನಾನು ಕುರ್ಚಿಯಲ್ಲೇ ನೆಟ್ಟಗೆ ಕೂತೆ. ನನ್ನ ಹತ್ತಿರ ಬಿಇ ಹುಡುಗರು ಕೆಲಸ ಕೇಳಿಕೊಂಡು ಬರುತ್ತಾರೆ. ಸ್ಟ್ರೆಸ್ ಅನಾಲಿಸಿಸ್ ಕಂಪ್ಯೂಟರಿನಲ್ಲಿ ಚೆಂದ ಮಾಡುತ್ತಾರೆ. ಮೈಕ್ರೋಮೀಟರ್ ಕೈಗೆ ಕೊಟ್ಟರೆ ಸಿ ಕ್ಲ್ಯಾಂಪ್ ಥರ ತಿರುಗಿಸಿ ಬಿಗಿಯುತ್ತಾರೆ. ಮೊದಲನೇ ದೇಶ ಸಿಕ್ಕಿತು, ಮಕ್ಕಳು ಸೇರುವ ಮುಂಚೆಯೇ ಕೈ ಕಪ್ಪು ಮಾಡಿಕೊಳ್ಳಿ ಅನ್ನುವುದು.

ನನ್ನ ಶೆಡ್ಡಿನಲ್ಲೇ ಮಾಡಲಿ ಅಂದುಕೊಂಡೆ. ಮಗಳು ಒಂದು ಯೂನಿವರ್ಸಿಟಿಯ ನಿಯಮ ಪೂರ್ತಿ ಓದಿ ತಲೆ ಅಲ್ಲಾಡಿಸಿದಳು. ಅಪ್ಪ ಅಮ್ಮನ ಕಂಪನಿಯಲ್ಲಿ ಮಾಡಿದ್ದನ್ನು ಒಪ್ಪುವುದಿಲ್ಲ ಅಂತ ಬರೆದಿದೆ. ಸರಿಯಾಗಿಯೇ ಬರೆದಿದ್ದಾರೆ, ನಾನಾದರೆ ಎರಡನೇ ದಿನಕ್ಕೇ ಕಾಫಿ ಕುಡಿಸಿ ಮನೆಗೆ ಕಳಿಸುತ್ತಿದ್ದೆ. ಎರಡು ಕ್ರಾಸ್ ಆಚೆ ಗೆಳೆಯನೊಬ್ಬನ ಟೂಲ್ ರೂಮ್ ಇದೆ, ಅಲ್ಲಿಗೆ ಕಳಿಸಿದೆ. ಸಿಇಟಿ ಬರೆದು ಸೀಟು ಹಂಚಿಕೆ ಆಗುವವರೆಗೆ ಹೋದಳು.

ಮೊದಲ ವಾರ ಅವಳಿಗೆ ಕೊಟ್ಟಿದ್ದು ಒಂದೇ ಕೆಲಸ. ಗರಗಸದಲ್ಲಿ ಕತ್ತರಿಸಿದ ಎಂಎಸ್ (ಮೆದು ಉಕ್ಕು) ತುಂಡು, ಬೆಂಕಿಪೊಟ್ಟಣದ ಎರಡರಷ್ಟು. ಅದನ್ನು ವೈಸಿಗೆ ಕಟ್ಟಿ, ಅರ ಹಾಕಿ, ಆರೂ ಮುಖ ನುಣುಪು ಮಾಡಿ ಮೂಲೆಗಳನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ತರಬೇಕು. ಡಿಪ್ಲೊಮಾದಲ್ಲಿ ನನಗೂ ಇದೇ ಕೊಟ್ಟಿದ್ದರು. ಮೊದಲ ದಿನ ಅವಳ ತುಂಡಿನ ಮುಖ ಬಾಳೆಹಣ್ಣಿನ ಬೆನ್ನಿನ ಹಾಗೆ ಉಬ್ಬಿತ್ತು. ಎಲ್ಲರಿಗೂ ಹಾಗೇ ಆಗುವುದು. ಅರ ಮುಂದೆ ಹೋದಾಗ ಬಲಗೈ ಏಳುತ್ತದೆ, ಹಿಂದೆ ಬಂದಾಗ ಎಡಗೈ ಏಳುತ್ತದೆ. ಟ್ರೈ ಸ್ಕ್ವೇರ್ (ಮೂಲೆ ನೋಡುವ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಕಾಣುತ್ತದೆ. ನಾಲ್ಕನೇ ದಿನ ರಾತ್ರಿ ಮನೆಗೆ ತಂದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ತೋರಿಸಿದಳು. ಒಂದು ಮುಖದಲ್ಲಿ ಬೆಳಕು ಕಾಣಲಿಲ್ಲ. ಅಂಗೈಯಲ್ಲಿ ಮೂರು ಬೊಬ್ಬೆ. "ಆರರಲ್ಲಿ ಒಂದಾಯ್ತು ಅಪ್ಪ" ಅಂದಳು. ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚುತ್ತಾ ನನ್ನನ್ನು ನೋಡಿದ ನೋಟ ಇಲ್ಲಿ ಬೇಡ.

ಅದೇ ತಿಂಗಳು ನಾವೇ ಒಂದು ದಾರಿ ಹಿಡಿದೆವು. ಇಲ್ಲೇ ಸಿಇಟಿಯಲ್ಲಿ ಸಿಕ್ಕ ಸೀಟಿಗೆ ಮೆಕ್ಯಾನಿಕಲ್ ಸೇರುವುದು. ಒಂದು ವರ್ಷ ಬ್ಯಾಕ್‌ಲಾಗ್ ಇಲ್ಲದೆ ಪಾಸು ಮಾಡುವುದು. ಶನಿವಾರ ಭಾನುವಾರ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವುದು, ಯಾಕೆಂದರೆ ಅಲ್ಲಿ ಸರ್ಕಾರಿ ಕಾಲೇಜುಗಳ ಬ್ಯಾಚುಲರ್ ಕೋರ್ಸು ಹೆಚ್ಚಿನವು ಜರ್ಮನ್ ಭಾಷೆಯಲ್ಲೇ. ಒಂದು ವರ್ಷ ಆದ ಮೇಲೆ ಅರ್ಜಿ. ಆಗ ಮತ್ತೆ ಮೊದಲ ಸೆಮಿಸ್ಟರಿನಿಂದ ಶುರು ಮಾಡಬೇಕಾಗಬಹುದು. ಏಳು ಸೆಮಿಸ್ಟರಿನ ಕೋರ್ಸಾದರೆ ಒಂದು ಮತ್ತೆ ಮೂರೂವರೆ, ನಾಲ್ಕೂವರೆ ವರ್ಷ. ಇಲ್ಲೇ ಚೆನ್ನಾಗಿದೆ ಅನ್ನಿಸಿದರೆ ಇಲ್ಲೇ ಮುಂದುವರಿಯುತ್ತಾಳೆ. ಈಗ ಮೊದಲ ವರ್ಷದ ಫಿಸಿಕ್ಸ್ ಸೈಕಲ್ ನಡೆಯುತ್ತಿದೆ. ಬೆಳಿಗ್ಗೆ ಕಾಲೇಜಿನ ಬಸ್ಸಿನಲ್ಲಿ ಡೆರ್, ಡಿ, ಡಾಸ್ ಅಂತ ಬಾಯಿಪಾಠ.

ಈ ದಾರಿಯನ್ನು ಆಫೀಸಿನವರು ಮೊದಲ ದಿನವೇ ಹೇಳಬಹುದಿತ್ತು. ಹೇಳಿದರೆ ಅವರಿಗೆ ಆ ವರ್ಷ ಅಡ್ಮಿಷನ್ ಆಗುವುದಿಲ್ಲ, ಅದಕ್ಕೇ ಹೇಳಲಿಲ್ಲ.

ದುಡ್ಡು ವಾಪಸ್ ಕೇಳಿದೆ. ಮೊದಲು ಆಗಲ್ಲ ಅಂದರು. ಬ್ಯಾಂಕ್ ಮ್ಯಾನೇಜರ್ ಅಪ್ಪನ ಕಾಗದವನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ರಿಸೆಪ್ಷನ್ ಟೇಬಲ್ ಮೇಲೆ ಇಟ್ಟೆ. ಆ ಹೊತ್ತಿಗೆ ಸೋಫಾದಲ್ಲಿ ಇನ್ನೂ ಮೂರು ಜನ ಅಪ್ಪ ಅಮ್ಮಂದಿರು ಕೂತಿದ್ದರು. ಹದಿನೈದು ದಿನದಲ್ಲಿ ಹತ್ತು ಸಾವಿರ ಮತ್ತೆ ಅದರ ಜಿಎಸ್‌ಟಿ, 11,800 ಬಂತು. ಉಳಿದದ್ದು ಸರ್ವಿಸ್ ಚಾರ್ಜಂತೆ.

ಐದಕ್ಕೆ ಎರಡು ಕೊಡುತ್ತೇನೆ. ಒಂದು, ಬ್ಲಾಕ್ಡ್ ಅಕೌಂಟ್ ಮತ್ತೆ ವೀಸಾ ಕಾಗದಪತ್ರ ಅವರಿಗೆ ನಿಜವಾಗಲೂ ಗೊತ್ತಿದೆ. ಇನ್ನೊಂದು, ಬಾಗಿಲ ಕಡೆ ನೋಡಿ ನಿಜ ಹೇಳಿದ ಆ ಹೆಂಗಸಿಗೆ. ಯಾವ ದೇಶ, ಯಾವ ಕಾಲೇಜು ಅಂತ ನೀವೇ ತೀರ್ಮಾನ ಮಾಡಿಕೊಂಡು ಬರೀ ವೀಸಾ ಕೆಲಸಕ್ಕೆ ಹೋಗುವುದಾದರೆ ಹೋಗಿ, ಅದಕ್ಕೆ ಬೇರೆ ಚಿಕ್ಕ ಪ್ಯಾಕೇಜ್ ಇದೆ, ಕೇಳಿದರೆ ಮಾತ್ರ ಹೇಳುತ್ತಾರೆ. ಶನಿವಾರ ಬೇಡ, ಎರಡು ಗಂಟೆ ಕಾಯಿಸುತ್ತಾರೆ. ಕೆಳಗೆ ಬೈಕಿಗೆ ಜಾಗ ಇದೆ, ಕಾರಿಗೆ ಇಲ್ಲ. ಕಾಫಿ ಮಷಿನ್‌ದು, ಪೇಪರ್ ಕಪ್ಪಿನಲ್ಲಿ. ಪಕ್ಕದ ರಸ್ತೆಯಲ್ಲಿ ದರ್ಶಿನಿ ಇದೆ, ಅಲ್ಲೇ ಕುಡಿದು ಹೋಗಿ.